ಸತ್ಯವೂ ಸಾಕ್ಷ್ಯವೂ: ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’

ಹುಣಸೂರಿನ ಹೆಸರನ್ನು ಕನ್ನಡ ಚಿತ್ರರಂಗದಲ್ಲಿ ಉಳಿಸಿದವರು ಹುಣಸೂರು ಕೃಷ್ಣಮೂರ್ತಿಯವರು (1914–1989). ರಂಗಭೂಮಿಯಿಂದ ಚಿತ್ರಕ್ಕೆ ಬಂದ ಅವರು ‘ರತ್ನಮಂಜರಿ’, ‘ಭಕ್ತ ಕುಂಬಾರ’, ‘ಬಭ್ರುವಾಹನ’ ಮೊದಲಾದ ಚಿತ್ರಗಳನ್ನು ನಿರ್ದೇಶಿಸಿದರು. ಅವುಗಳ ಪೈಕಿ 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ ವಿಶೇಷವಾದ ಸ್ಥಾನವುಂಟು. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಈ ಕೃತಿ, 2008ರಲ್ಲಿ ವರ್ಣಲೇಪನದೊಂದಿಗೆ ಮತ್ತೆ ತೆರೆಯನ್ನು ಕಂಡಿತು. ಅದರ ಗುಣಗಳನ್ನು ಹಲವರು ಹೇಳಿದ್ದಾರೆ. ಪ್ರಸ್ತುತ ಲೇಖನದಲ್ಲಿ ನಾವು ಅದರ ಒಂದೇ ಪ್ರಸಂಗವನ್ನು, ಎಂದರೆ ಚಂದ್ರಮತಿಯ ಮೇಲೆ ಬರುವ ಕೊಲೆಯ ಆರೋಪವನ್ನು, ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಈ ಪ್ರಸಂಗ ಎಲ್ಲ ಆಕರಗಳಲ್ಲಿಯೂ ಇಲ್ಲವೆಂಬುದನ್ನು ಮೊದಲು ಗಮನಿಸಬೇಕು. ಮಾರ್ಕಂಡೇಯ ಪುರಾಣದಲ್ಲಿ ಸತ್ತ ಮಗನನ್ನು ಹೊತ್ತು ರಾಣಿ ಸ್ಮಶಾನಕ್ಕೆ ಬರುತ್ತಾಳೆ. ಗಂಡ ಹೆಂಡಿರು ಪರಸ್ಪರ ಗುರುತಿಸಿ, ಮಗನ ಚಿತೆಯನ್ನೇರಲು ನಿಶ್ಚಯಿಸುತ್ತಾರೆ. ಅಲ್ಲಿ ಆರೋಪವಿಲ್ಲ, ತೀರ್ಪಿಲ್ಲ. ದೇವೀಭಾಗವತದಲ್ಲಿ ಊರ ಜನರು ಆಕೆಯನ್ನು ಶಿಶುಘಾತಿನಿಯೆಂದು ಶಂಕಿಸುತ್ತಾರೆ. 13ನೆಯ ಶತಮಾನದ ನಮ್ಮ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ಅದು ಪೂರ್ಣವಾದ ಕಥೆಯಾಗಿ ಬೆಳೆದಿದೆ. ಕಾಶೀರಾಜನ ಮಗನನ್ನು ಕಳ್ಳರು ಕೊಂದಿದ್ದಾರೆ. ಸ್ಮಶಾನದ ತೆರಿಗೆಗಾಗಿ ಹಣ ತರಲು ಹೊರಟ ಚಂದ್ರಮತಿ, ಕತ್ತಲಲ್ಲಿ ಆ ಶವವನ್ನು ತನ್ನ ಮಗನದೆಂದೇ ಭ್ರಮಿಸಿ ಮಡಿಲಲ್ಲಿಟ್ಟುಕೊಂಡು ಅಳುತ್ತಾಳೆ. ಹಾಗೆ ಅಳುತ್ತಿರುವಾಗಲೇ ರಾಜಭಟರು ಆಕೆಯನ್ನು ಹಿಡಿಯುತ್ತಾರೆ. ಆಕೆಯ ತಲೆ ಕಡಿಯುವ ಕೆಲಸ ಗಂಡನ ಪಾಲಿಗೆ ಬರುತ್ತದೆ.

ಒಂದು ಶವವನ್ನು ತಪ್ಪಾಗಿ ಗುರುತಿಸಿದ್ದೇ ಈ ಅನರ್ಥಕ್ಕೆ ಮೂಲ. ಆಕೆಯ ವಿರುದ್ಧ ಇದ್ದದ್ದು ಇಷ್ಟೇ: ರಾತ್ರಿಯ ಹೊತ್ತು, ಸತ್ತ ಮಗು, ಪಕ್ಕದಲ್ಲಿ ಬಂಧುಗಳಿಲ್ಲದ ಒಬ್ಬ ದಾಸಿ. ಆಕೆ ಇನ್ನೂ ಅಯೋಧ್ಯೆಯ ರಾಣಿಯಾಗಿದ್ದರೆ ಇಷ್ಟು ಸಾಕ್ಷ್ಯ ಸಾಕಾಗುತ್ತಿತ್ತೆ?

ಚಿತ್ರಕ್ಕೆ ಬರೋಣ. ಹರಿಶ್ಚಂದ್ರನಾಗಿ ರಾಜಕುಮಾರ್, ಚಂದ್ರಮತಿಯಾಗಿ ಪಂಢರೀಬಾಯಿ, ವಿಶ್ವಾಮಿತ್ರನಾಗಿ ಉದಯಕುಮಾರ್ ಅಭಿನಯಿಸಿದ್ದಾರೆ. ಪಂಢರೀಬಾಯಿಯವರ ಚಂದ್ರಮತಿ ದುಃಖದಲ್ಲಿಯೂ ಘನತೆಯನ್ನು ಬಿಡದ ಹೆಂಗಸು. ಸಂಭಾಷಣೆಯನ್ನೂ ಹಾಡುಗಳನ್ನೂ ಬರೆದ ಕೃಷ್ಣಮೂರ್ತಿಯವರ ಧೈರ್ಯವನ್ನು ನಾವು ವೀರಬಾಹುವಿನ ಪಾತ್ರದಲ್ಲಿ ಕಾಣುತ್ತೇವೆ. ಎಂ. ಪಿ. ಶಂಕರ್ ಅವರ ಆ ಪಾತ್ರಕ್ಕೆ ಬರೆದ ಹಾಡು ಕುಲದ ಮೇಲುಕೀಳನ್ನೇ ಪ್ರಶ್ನಿಸಿ ಜನರ ನಾಲಗೆಯ ಮೇಲೆ ಉಳಿದಿದೆ. ಆದರೆ ಕುಲವನ್ನು ಪ್ರಶ್ನಿಸಿದ ಲೇಖನಿ ರಾಜನ ತೀರ್ಪನ್ನು ಅದೇ ತೀಕ್ಷ್ಣತೆಯಿಂದ ಪ್ರಶ್ನಿಸಲಿಲ್ಲ. ಚಿತ್ರದ ಗಮನವೆಲ್ಲ ಎತ್ತಿದ ಕತ್ತಿಯ ಮೇಲಿದೆ. ಆ ಕತ್ತಿ ಏಕೆ ಎತ್ತಬೇಕಾಯಿತೆಂಬುದರ ಮೇಲೆ ಇಲ್ಲ.

ಇಲ್ಲಿ ‘ಸತ್ಯ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಕೊಟ್ಟ ಮಾತನ್ನು ನಡೆಸುವುದು ಒಂದು. ನಡೆದ ಸಂಗತಿ ಇದ್ದಂತೆ ತಿಳಿಯುವುದು ಇನ್ನೊಂದು. ಹರಿಶ್ಚಂದ್ರ ಮೊದಲನೆಯದಕ್ಕಾಗಿ ಸರ್ವಸ್ವವನ್ನೂ ಕೊಡುತ್ತಾನೆ. ಎರಡನೆಯ ಸತ್ಯ, ಅಂದರೆ ಚಂದ್ರಮತಿ ಕೊಲ್ಲಲಿಲ್ಲವೆಂಬುದು, ಯಾರ ಹೊಣೆಯೂ ಆಗದೆ ಉಳಿಯುತ್ತದೆ. ಕೊನೆಗೆ ದೈವವೇ ಬಂದು ಅದನ್ನು ಕಾಯಬೇಕಾಗುತ್ತದೆ.

ಪೌರಾಣಿಕ ಚಿತ್ರದಿಂದ ಇಂತಹ ವಿಚಾರಣೆಯನ್ನು ಬಯಸುವುದು ಅನುಚಿತವೆಂದು ಕೆಲವರು ಹೇಳಬಹುದು. ಆದರೆ ನಮ್ಮ ಪರಂಪರೆಗೆ ಇದು ಹೊಸದಲ್ಲ. ಶೂದ್ರಕನ ‘ಮೃಚ್ಛಕಟಿಕ’ದ ಒಂಬತ್ತನೆಯ ಅಂಕವೆಲ್ಲ ನ್ಯಾಯಸ್ಥಾನದಲ್ಲಿಯೇ ನಡೆಯುತ್ತದೆ. ಉದ್ಯಾನದಲ್ಲಿ ಕಂಡ ಬೇರೊಬ್ಬ ಹೆಂಗಸಿನ ಶವ ವಸಂತಸೇನೆಯದೆಂದು ಎಣಿಕೆಯಾಗಿ, ನಿರಪರಾಧಿಯಾದ ಚಾರುದತ್ತ ವಧ್ಯಸ್ಥಾನಕ್ಕೆ ನಡೆಯುತ್ತಾನೆ. ಸತ್ತಳೆಂದುಕೊಂಡವಳು ಜೀವಂತವಾಗಿ ಬಂದು ಅವನನ್ನು ಉಳಿಸುತ್ತಾಳೆ. ಅಲ್ಲಿ ಚಾರುದತ್ತನನ್ನು ಉಳಿಸುವುದು ದೈವದ ದರ್ಶನವಲ್ಲ, ಸಾಕ್ಷ್ಯ. ಇದೇ ನಾಟಕದ ಕಥೆ 1941ರಲ್ಲಿ ‘ವಸಂತಸೇನೆ’ ಎಂಬ ಕನ್ನಡ ಚಿತ್ರವೂ ಆಗಿತ್ತು.

ಇದೆಲ್ಲ ಹಳೆಯ ಕಥೆಯೆಂದು ಬಿಡುವಂತಿಲ್ಲ. ಹುಣಸೂರಿನ ನೆರೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಸರಹದ್ದಿನಲ್ಲಿ ಒಂದು ಅಸ್ಥಿಪಂಜರ ದೊರೆಯಿತು. ಹೆಂಡತಿ ಕಾಣೆಯಾಗಿದ್ದಾಳೆಂದು ತಾನೇ ದೂರು ಕೊಟ್ಟಿದ್ದ ಕೊಡಗಿನ ಬಡವನೊಬ್ಬನ ಮೇಲೆ, ಅದು ಆಕೆಯದೇ ಎಂಬ ಆಧಾರದಿಂದ, ಕೊಲೆಯ ಆರೋಪ ಬಂದಿತು. ಆತ ವರ್ಷಕ್ಕೂ ಮಿಗಿಲಾಗಿ ಸೆರೆಯಲ್ಲಿದ್ದ. ಡಿ.ಎನ್.ಎ. ಪರೀಕ್ಷೆ ಆ ಮೂಳೆಗಳು ಆಕೆಯವಲ್ಲವೆಂದು ತೋರಿಸಿದ ಮೇಲೂ ಮೊಕದ್ದಮೆ ಮುಗಿಯಲಿಲ್ಲ. 2025ರ ಏಪ್ರಿಲ್ ತಿಂಗಳಲ್ಲಿ ಆ ಹೆಂಗಸು ಮಡಿಕೇರಿಯಲ್ಲಿ ಜೀವಂತವಾಗಿ ಸಿಕ್ಕಳು. ಅದೇ ತಿಂಗಳು ಮೈಸೂರಿನ ನ್ಯಾಯಾಲಯ ಆತನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಶೂದ್ರಕನ ಹತ್ತನೆಯ ಅಂಕ ನಮ್ಮ ಜಿಲ್ಲೆಯಲ್ಲಿಯೇ ನಡೆದಂತಾಯಿತು. ವ್ಯತ್ಯಾಸವಿಷ್ಟೇ: ನಾಟಕದಲ್ಲಿ ವಸಂತಸೇನೆ ಸಕಾಲಕ್ಕೆ ಬಂದಳು, ಇಲ್ಲಿ ಕಳೆದುಹೋದ ದಿನಗಳನ್ನು ಯಾರೂ ಹಿಂದಕ್ಕೆ ತರಲಾರರು.

ಇತಿಹಾಸವನ್ನು ಬೋಧಿಸುವ ನಮಗೆ ಇದರಲ್ಲಿ ಒಂದು ಪಾಠವಿದೆ. ಶಾಸನವೊಂದು ಕೈಗೆ ಬಂದರೆ, ಅದು ಯಾರದು, ಯಾವ ಕಾಲದ್ದು, ಅದನ್ನು ಹಾಗೆ ಓದಿದವರಾರು ಎಂದು ಕೇಳುವುದನ್ನು ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ. ಮೂಳೆಯ ವಿಷಯದಲ್ಲಿಯೂ ಅದೇ ಪ್ರಶ್ನೆ ಏಳಬೇಕು. ಸುಳ್ಳಾಡದವನನ್ನು ಕಂಡರೆ ‘ನೀನೇನು ಸತ್ಯಹರಿಶ್ಚಂದ್ರನೋ’ ಎನ್ನುವ ಮಾತು ನಮ್ಮಲ್ಲಿ ರೂಢಿಯಾಗಿದೆ. ಆ ಮಾತಿಗೆ ರೂಪ ಕೊಟ್ಟ ಶ್ರೇಷ್ಠ ಚಿತ್ರಗಳಲ್ಲಿ ಕೃಷ್ಣಮೂರ್ತಿಯವರದೂ ಒಂದು; ಅದನ್ನು ನಾವು ಗೌರವದಿಂದಲೇ ನೋಡುತ್ತೇವೆ. ಆದರೆ ಮುಂದೆ ಅದನ್ನು ನೋಡುವವರು ಹರಿಶ್ಚಂದ್ರನಿಗಾಗಿ ಕಣ್ಣೀರಿಡುವಾಗ, ಚಂದ್ರಮತಿಯ ಪರವಾಗಿ ಒಂದು ಪ್ರಶ್ನೆಯನ್ನಾದರೂ ಕೇಳಲಿ ಎಂಬುದು ನಮ್ಮ ಆಶಯ. ಮಾತಿಗೆ ತಪ್ಪದವನು ದೊಡ್ಡವನು ನಿಜ; ಆದರೆ ಆರೋಪವನ್ನು ಪರೀಕ್ಷಿಸದೆ ಕತ್ತಿ ಎತ್ತದ ರಾಜ್ಯ ಅದಕ್ಕಿಂತಲೂ ದೊಡ್ಡದು.