ಫೈಲ್ ಲೋಡ್ ಆಯ್ತು, ಮುಳುಗಿದ ಗದ್ದೆ ಎಲ್ಲಿ ಹೋಯ್ತು?

ಅಂಕಿಅಂಶದ ಸಾಫ್ಟ್‌ವೇರ್ ಬಗ್ಗೆ ಬರೆಯೋರೆಲ್ಲ ಗ್ರಾಫ್ ಚೆನ್ನಾಗಿದೆ, ಮಾಡೆಲ್ ಚೆನ್ನಾಗಿದೆ ಅಂತಾರೆ. ಹಳೇ ಫೈಲನ್ನು ಒಳಗೆ ತರುವ ಹಂತವನ್ನು ಯಾರೂ ವಿಮರ್ಶೆ ಮಾಡಲ್ಲ. ನನ್ನ ತಕರಾರು ಇರೋದೇ ಅಲ್ಲಿ.

ನಮ್ಮ ಸಿಂಧನೂರು ಕಡೆಯ ದಢೇಸುಗೂರನ್ನೇ ತಗೊಳ್ಳಿ. ತುಂಗಭದ್ರೆಯ ದಂಡೆ, ಸುತ್ತ ಭತ್ತ, ಊರಲ್ಲೇ ಕೃಷಿ ಸಂಶೋಧನಾ ಕೇಂದ್ರ. ಅಂಥಾ ಸೀಮೆಯ ರೈತರ ಇಳುವರಿ ಬರೆದಿಟ್ಟ ಒಂದು ಎಕ್ಸೆಲ್ ಫೈಲನ್ನು ಊಹಿಸಿಕೊಳ್ಳಿ. ಸರ್ವೆ ನಂಬರ್ 12/3 ಅಂತ ಟೈಪ್ ಮಾಡಿದ್ದೇ ತಡ, ಎಕ್ಸೆಲ್ ಅದನ್ನು ಮಾರ್ಚ್ 12 ಮಾಡಿಬಿಡುತ್ತೆ. ಕೆಳಗಿನ 145/2 ಮಾತ್ರ ಹಾಗೇ ಉಳಿಯುತ್ತೆ. ಈ ಚಾಳಿಯಿಂದ ರೋಸಿಹೋಗಿ 2020ರಲ್ಲಿ ಮನುಷ್ಯರ ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಿದರು. 'ಮಾರ್ಚ್1' ಹೋಗಿ 'ಮಾರ್ಚ್‌ಎಫ್1' ಬಂತು. ಮೈಕ್ರೋಸಾಫ್ಟ್ 2023ರಲ್ಲಿ ಒಂದು ಆಯ್ಕೆ ಕೊಟ್ಟಿತು, ಅದೂ ಅಕ್ಷರ-ಅಂಕಿ ಕೂಡಿದ ಹೆಸರುಗಳಿಗೆ. ನಮ್ಮ 12/3ಕ್ಕೆ ಅದರಿಂದ ಉಪಯೋಗವಿಲ್ಲ. ಜೀನ್ ಹೆಸರು ಬದಲಿಸಬಹುದು, ಪಹಣಿ ಬದಲಿಸೋಕಾಗುತ್ತಾ?

ಆರ್ ಭಾಷೆ ಇದಕ್ಕಿಂತ ಮೇಲು, ಆದರೆ ಅದೂ ಬಹಳ ಕಾಲ ಸುಮ್ಮನೆ ಊಹೆ ಮಾಡ್ತಿತ್ತು. ಇಳುವರಿ ಕಾಲಂನಲ್ಲಿ ಒಂದೇ ಒಂದು ಕಡೆ 'ಬೆಳೆ ಮುಳುಗಿದೆ' ಅಂತ ಇದ್ದರೂ ಸಾಕು, ಇಡೀ ಕಾಲಂ 'ಫ್ಯಾಕ್ಟರ್' ಆಗುತ್ತಿತ್ತು. ಅದನ್ನು ನೇರವಾಗಿ ಸಂಖ್ಯೆಗೆ ತಿರುಗಿಸಿದರೆ ಬರೋದು ಇಳುವರಿಯಲ್ಲ, ಒಳಗಿನ ಕ್ರಮಸಂಖ್ಯೆ. ಎಕರೆಗೆ 35 ಚೀಲ ಬೆಳೆದವನ ಹೆಸರಿನ ಮುಂದೆ 4! ಏಪ್ರಿಲ್ 2020ರ 4.0.0 ಆವೃತ್ತಿಯಲ್ಲಿ ಈ ಡಿಫಾಲ್ಟ್ ಕೈಬಿಟ್ಟರು. ಈಗ ಆ ಪದ 'ಎನ್ಎ' ಆಗುತ್ತೆ, ಜೊತೆಗೆ ಒಂದು ಸಾಲಿನ ಎಚ್ಚರಿಕೆ. ಸರಾಸರಿ ತೆಗೆಯುವಾಗ ನಾವು 'ಎನ್ಎ ಬಿಟ್ಟುಬಿಡು' ಅಂತೀವಿ. ಅಲ್ಲಿಗೆ ಮುಳುಗಿದ ಗದ್ದೆ ಲೆಕ್ಕದಿಂದಲೇ ಹೊರಗೆ, ಊರಿನ ಸರಾಸರಿ ಮೇಲಕ್ಕೆ. ನೀರು ನುಗ್ಗಿದ ವರ್ಷವೇ ಕಾಗದದ ಮೇಲೆ ಒಳ್ಳೇ ಫಸಲು.

ಹಳೇ ನುಡಿ ಫಾಂಟಿನ ಫೈಲುಗಳದ್ದು ಇನ್ನೊಂದು ಕಥೆ. ಯೂನಿಕೋಡ್ ಅಲ್ಲದ ಆ ಅಕ್ಷರಗಳನ್ನು ಸಾಫ್ಟ್‌ವೇರ್ ಯುರೋಪಿನ ಯಾವುದೋ ಲಿಪಿ ಅಂದುಕೊಂಡು ಖುಷಿಯಾಗಿ ಒಳಗೆ ಬಿಟ್ಟುಕೊಳ್ಳುತ್ತೆ, ತಕರಾರೇ ಇಲ್ಲ.

ಇದ್ದುದರಲ್ಲಿ ನನಗೆ ಹಿಡಿಸಿದ್ದು 'ರೀಡರ್' ಪ್ಯಾಕೇಜು. ಅದೂ ಊಹಿಸುತ್ತೆ, ಆದರೆ ಯಾವ ಕಾಲಮನ್ನು ಏನಂದುಕೊಂಡೆ ಅಂತ ಹೇಳುತ್ತೆ. ನಾನು ಅದಕ್ಕೂ ಅವಕಾಶ ಕೊಡಲ್ಲ. ಎಲ್ಲಾ ಕಾಲಮನ್ನೂ ಮೊದಲು ಅಕ್ಷರವಾಗಿಯೇ ಓದಿಸ್ತೀನಿ. ಆಮೇಲೆ 'ಮುಳುಗಿದೆ' ಇದ್ದಲ್ಲಿ 0, 'ಅಳತೆ ಮಾಡಿಲ್ಲ' ಇದ್ದಲ್ಲಿ 'ಎನ್ಎ', ಒಂದೊಂದಾಗಿ ಕೈಯಾರೆ.