ದೂರವನ್ನು ಅಳಿಸದ ಚಿತ್ರ

ಉಗರಗೋಳದ ನಮಗೆ ನೀರೆಂದರೆ ಮಲಪ್ರಭೆ. ಕಣಕುಂಬಿಯಲ್ಲಿ ಹುಟ್ಟುವ ಈ ನದಿ ಪಡುವಣ ಕಡಲಿಗೆ ಬೆನ್ನು ಮಾಡಿ ಪೂರ್ವಕ್ಕೆ ಹರಿಯುತ್ತದೆ. ನವಿಲುತೀರ್ಥದ ಅಣೆಕಟ್ಟಿನ ಹಿಂದೆ ರೇಣುಕಾಸಾಗರವಾಗಿ ನಿಲ್ಲುತ್ತದೆ. ಕಡಲನ್ನೂ ಅದರ ನಡುವಣ ದ್ವೀಪಗಳನ್ನೂ ನಮ್ಮಲ್ಲಿ ಬಹಳ ಜನ ಮೊದಲು ಕಾಣುವುದು ಫೋಟೋಗಳಲ್ಲಿಯೇ. ಆದ್ದರಿಂದ ಆ ಫೋಟೋ ಎಷ್ಟು ನಿಜ ಹೇಳುತ್ತದೆ ಎಂಬುದು ಸಣ್ಣ ಪ್ರಶ್ನೆಯಲ್ಲ.

ಮುರ್ಡೇಶ್ವರದ ದಡದಿಂದ ತೆಗೆಯುವ ನೇತ್ರಾಣಿಯ ಚಿತ್ರಗಳನ್ನೇ ನೋಡೋಣ. ದ್ವೀಪವಿರುವುದು ಅರಬ್ಬೀ ಸಮುದ್ರದಲ್ಲಿ, ಸುಮಾರು 19 ಕಿ.ಮೀ. ಆಚೆ. ಆಕಾಶ ತಿಳಿಯಾಗಿದ್ದ ದಿನ ಬರಿಗಣ್ಣಿಗೆ ಅದು ಮಸುಕು ನೀಲಿಯ ಸಣ್ಣ ದಿಬ್ಬ. ಜೂಮ್ ಲೆನ್ಸ್ ಹಾಕಿದೊಡನೆ ದಿಬ್ಬ ಬೆಟ್ಟವಾಗುತ್ತದೆ. ದಡದ ಸಮೀಪದ ಮೀನುದೋಣಿ ದ್ವೀಪದ ಬುಡಕ್ಕೇ ತಾಗಿಕೊಂಡಂತೆ ತೋರುತ್ತದೆ. ನಡುವಿನ ಕಡಲೇ ಮಾಯವಾಗುತ್ತದೆ. ಬಳಿಕ ಕಂಪ್ಯೂಟರಿನಲ್ಲಿ ಮಸುಕನ್ನೂ ಒರೆಸಿಬಿಟ್ಟರೆ, ದೂರಕ್ಕಿದ್ದ ಕೊನೆಯ ಸಾಕ್ಷಿಯೂ ಹೋಯಿತು. ಇಂದಿನ ಕೆಲವು ಮೊಬೈಲುಗಳಂತೂ ಕಾಣದ ವಿವರವನ್ನು ತಾವೇ ಊಹಿಸಿ ತುಂಬುತ್ತವೆ.

ಆದರೆ ಲೆನ್ಸಿಗೂ ಒಂದು ಮಿತಿಯುಂಟು. ಭೂಮಿ ದುಂಡಗಿರುವುದರಿಂದ, ಮರಳಿನ ಮೇಲೆ ನಿಂತವನಿಗೆ ಕ್ಷಿತಿಜ ಕೇವಲ 5 ಕಿ.ಮೀ. ದೂರದಲ್ಲಿದೆ. ಅದರಾಚೆಯ ದ್ವೀಪದ ಕೆಳಭಾಗ, ಸುಮಾರು 15 ಮೀಟರಿನಷ್ಟು, ನೀರಿನ ಬಾಗಿನ ಹಿಂದೆ ಅಡಗಿರುತ್ತದೆ. ಅಲೆ ಬಂಡೆಗೆ ಬಡಿಯುವ, ದೋಣಿ ಹೋಗಿ ತಂಗುವ ಆ ಅಂಚನ್ನು ಎಷ್ಟು ಬೆಲೆಯ ಕ್ಯಾಮೆರಾ ತಂದರೂ ಅಲ್ಲಿಂದ ಹಿಡಿಯಲಾಗದು. ಅಲ್ಲಿನ ರಾಜಗೋಪುರದಂಥ ಎತ್ತರದಲ್ಲಿ, ಸುಮಾರು 50 ಮೀಟರ್ ಮೇಲೆ ನಿಂತರೆ ಮಾತ್ರ ಕ್ಷಿತಿಜ 25 ಕಿ.ಮೀ.ಗೆ ಸರಿದು ದ್ವೀಪದ ಬುಡವೂ ದೃಷ್ಟಿಗೆ ಬರುತ್ತದೆ. ಬದಲಾಗಬೇಕಾದುದು ಲೆನ್ಸಲ್ಲ, ನಿಂತ ಜಾಗ.

ಜೂಮ್ ಲೆನ್ಸನ್ನು ಹಳಿಯುವುದು ನನ್ನ ಉದ್ದೇಶವಲ್ಲ. ದೋಣಿಯೇರಲಾಗದ ವೃದ್ಧರಿಗೆ ಅದು ದ್ವೀಪದ ಆಕಾರವನ್ನಾದರೂ ತೋರಿಸುತ್ತದೆ. ಆದರೆ ನೇತ್ರಾಣಿಯ ನಿಜವಾದ ಸಂಪತ್ತು ಅದರ ಸುತ್ತ ನೀರಿನೊಳಗಿನ ಹವಳ, ಅಲ್ಲಿ ಗೂಡು ಕಟ್ಟುವ ಬಿಳಿಹೊಟ್ಟೆಯ ಕಡಲ ಹದ್ದು. ದಡದ ಚಿತ್ರದಲ್ಲಿ ಇವು ಯಾವುವೂ ಇಲ್ಲ. 'ದ್ವೀಪವನ್ನು ಕಂಡೆ' ಎಂದು ಬೀಗುವ ಚಿತ್ರಕ್ಕಿಂತ, ಮುಂದೆ ವಿಶಾಲವಾದ ನೀರನ್ನು ಬಿಟ್ಟು, ತುದಿಯಲ್ಲಿ ಮಸುಕು ಗೆರೆಯೊಂದನ್ನು ಇಟ್ಟು, 'ಇಷ್ಟೇ ಕಂಡೆ' ಎನ್ನುವ ಚಿತ್ರವೇ ನನಗೆ ಮೇಲೆನಿಸುತ್ತದೆ. ಮೊದಲನೆಯದು ನೋಡುಗನ ಕುತೂಹಲವನ್ನು ಮುಗಿಸುತ್ತದೆ, ಎರಡನೆಯದು ಎಬ್ಬಿಸುತ್ತದೆ.

ದುಡಿಯಲೆಂದು ಗೋವೆಗೋ ಪುಣೆಗೋ ಹೋದ ಮಗನ ನಗುಮುಖದ ಫೋಟೋ ನಮ್ಮ ಎಷ್ಟೋ ಮನೆಗಳ ಗೋಡೆಯ ಮೇಲಿದೆ. ಅದನ್ನು ನೋಡಿ ಅವನ ಬದುಕನ್ನೆಲ್ಲ ಬಲ್ಲೆನೆಂದು ಯಾವ ತಾಯಿಯೂ ಹೇಳಳು. ಫೋಟೋ ಎದುರಿಗಿದ್ದರೂ ಸಂಜೆ ಫೋನು ಮಾಡಿ 'ಉಂಡಿಯೇನಪ್ಪಾ?' ಎಂದು ಕೇಳುತ್ತಾಳೆ. ಚಿತ್ರ ಎಲ್ಲಿಗೆ ನಿಲ್ಲುತ್ತದೆ ಎಂಬುದು ಅವಳಿಗೆ ಗೊತ್ತು.