ಪದ ಬಂತು, ಅರ್ಥ ಎಲ್ಲಿ?

ಶಾಲಾ ಕಲೋತ್ಸವ ಹತ್ತಿರ ಬಂತೆಂದರೆ ನಮ್ಮ ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳ ಮನೆಗಳಲ್ಲಿ ಬೆಳಗ್ಗೆ ಸಂಜೆ ಪದ್ಯದ್ದೇ ಸದ್ದು. ಹಲ್ಲು ಬಿದ್ದ ಬಾಯಿಯ ಮಕ್ಕಳು ಅಂಗಳದಲ್ಲಿ ನಿಂತು ಹೇಳುವುದನ್ನು ಕೇಳುವುದೇ ಒಂದು ಸುಖ. ಆ ಸುಖಕ್ಕೆ ಕಲ್ಲು ಹಾಕುವ ಉದ್ದೇಶ ನನಗಿಲ್ಲ. ಆದರೆ ಮೊನ್ನೆ ಒಂದು ಶಾಲೆಯ ಕಂಠಪಾಠ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿ ಬಂದ ಮೇಲೆ ಕೆಲವು ಮಾತು ಹೇಳಬೇಕೆನಿಸಿದೆ.

ಒಂದನೇ, ಎರಡನೇ ತರಗತಿಯ ಒಂಬತ್ತು ಮಕ್ಕಳು. ಎಂಟು ಮಂದಿಯ ಕೈ ಒಂದೇ ಕಡೆ ಎದ್ದು ಒಂದೇ ಕಡೆ ಇಳಿಯುತ್ತಿತ್ತು. ರಾಗ ಮೊಬೈಲಿನಿಂದ ಕಲಿತದ್ದು. ರಾಗ ಎಳೆದಲ್ಲಿ ಶಬ್ದ ಎರಡು ತುಂಡು. ಒಂಬತ್ತನೆಯವಳು ಮನೆಯಲ್ಲಿ ತುಳು ಮಾತಾಡುವ ಹುಡುಗಿ. ಮಳೆಯ ಪದ್ಯವೊಂದನ್ನು ಅಕ್ಕನಿಗೆ ಸುದ್ದಿ ಹೇಳುವ ಹಾಗೆ ಹೇಳಿದಳು. ನಡುವೆ ಒಂದು ಸಾಲು ಮರೆತುಹೋಯಿತು. ಕೋಳಿ ಮರಿಗಳೊಟ್ಟಿಗೆ ಜಗಲಿಗೆ ಬಂದ ಸಂಗತಿಯನ್ನು ತನ್ನದೇ ಮಾತಿನಲ್ಲಿ ಹೇಳಿ, ಮುಂದಿನ ಸಾಲು ಹಿಡಿದಳು. ಸಭೆಯಲ್ಲಿ ನಗು. ನಿಯಮದಂತೆ ನಾನೂ ಅಂಕ ಕಳೆದೆ. ಅವಳಿಗೆ ಬಹುಮಾನ ಬರಲಿಲ್ಲ. ಮನೆಗೆ ಮುಟ್ಟುವಾಗ ನನಗೆ ನೆನಪಿದ್ದದ್ದು ಅವಳ ಪದ್ಯ ಮಾತ್ರ.

ನಾವು ಕುಂಬಳೆಯ ಪಾರ್ತಿಸುಬ್ಬನ ಸೀಮೆಯವರು. ತಾಳಮದ್ದಳೆಯಲ್ಲಿ ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿ ಅದನ್ನು ಮಾತಿನಲ್ಲಿ ಬಿಡಿಸುತ್ತಾನೆ. ಪದ ಎಷ್ಟು ಚೆಂದ ಇದ್ದರೂ ಅರ್ಥ ಸಪ್ಪೆಯಾದರೆ ಎದ್ದು ಹೋಗುವ ಜನ ನಾವು. ಮಕ್ಕಳ ವಿಷಯ ಬಂದಾಗ ಬರೀ ಪದಕ್ಕೇ ಚಪ್ಪಾಳೆ ತಟ್ಟುತ್ತೇವಲ್ಲ, ಇದೆಂತ ನ್ಯಾಯ ಮಾರಾಯ್ರೆ?

ಸಣ್ಣದರಲ್ಲಿ ಬಾಯಿಪಾಠ ಮಾಡಿದ್ದು ದೊಡ್ಡವರಾದ ಮೇಲೆ ಅರ್ಥವಾಗುತ್ತದೆ ಎನ್ನುವವರಿದ್ದಾರೆ. ಅದೂ ನಿಜವೇ. ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಯ ನಡೆ ಮೊದಲು ಹಿಡಿಯುವುದು ಕಿವಿಗೆ, ಆಮೇಲೆ ಬುದ್ಧಿಗೆ. ಆದರೆ ಆ ನಡೆ ಪದ್ಯದ್ದೇ ಇರಬೇಕು. ಅದರ ಮೇಲೆ ಸಿನಿಮಾ ರಾಗ ಹೊದಿಸಿದರೆ ಅರ್ಥವೂ ಇಲ್ಲ, ನಡೆಯೂ ಇಲ್ಲ.

ನಮ್ಮಲ್ಲಿ ಈ ಮಾತಿಗೆ ಇನ್ನೊಂದು ತೂಕ ಉಂಟು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಇಂದು ಬಸ್ಸಿನಲ್ಲಿ, ಕಚೇರಿಯಲ್ಲಿ ಹೆಚ್ಚಾಗಿ ಮಲಯಾಳ. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ ಬ್ಯಾರಿಯೋ. ಎಷ್ಟೋ ಮಕ್ಕಳಿಗೆ ಕನ್ನಡ ಸಿಗುವುದು ಶಾಲೆಯ ಕೋಣೆಯಲ್ಲಿ ಮಾತ್ರ. ನಾಲ್ಕು ಜನರ ಎದುರು ಅವರು ಕನ್ನಡದಲ್ಲಿ ಬಾಯಿ ಬಿಡುವ ಮೊದಲ ದಿನ ಇದು. ಆ ದಿನವೇ ಕನ್ನಡವೆಂದರೆ ಗಿಳಿಪಾಠ ಎಂದು ಮಗು ತಿಳಿದರೆ, ಬಹುಮಾನದ ಲೋಟ ಕಪಾಟಿನಲ್ಲಿ ಉಳಿದೀತು, ಭಾಷೆ ನಾಲಗೆಯಲ್ಲಿ ಉಳಿಯದು.

ಅಧ್ಯಾಪಕರಲ್ಲಿ ನನ್ನ ಬಿನ್ನಹ ಇಷ್ಟೆ. ಎರಡು-ಮೂರು ಪದ್ಯ ಓದಿ ಹೇಳಿ, ಬೇಕಾದ್ದನ್ನು ಮಗುವೇ ಆರಿಸಲಿ. ರಾಗಕ್ಕೆ ಮೊದಲು ಪದ್ಯದ ಸಂಗತಿಯನ್ನು ಅದರ ಬಾಯಲ್ಲೇ ಹೇಳಿಸಿ, ಮನೆಮಾತಿನಲ್ಲಾದರೂ ಸರಿ. 'ಹಕ್ಕಿ' 'ಅಕ್ಕಿ' ಆಗದ ಹಾಗೆ ತಿದ್ದಿ. ಉಸಿರು ಮಾತು ಮುಗಿದಲ್ಲಿ ನಿಲ್ಲಲಿ. ತೀರ್ಪುಗಾರರಾದ ನಾವೂ ಮರೆವಿಗೆ ಕಳೆಯುವಷ್ಟೇ ಅಂಕವನ್ನು ತಿಳುವಳಿಕೆಗೆ ಕೊಡೋಣ.

ಅಂದು ಹೊರಡುವಾಗ ಆ ಹುಡುಗಿಯನ್ನು ಕೇಳಿದೆ: "ಮರೆತಾಗ ಹೆದರಿಕೆ ಆಗ್ಲಿಲ್ವಾ ಮಗಾ?"

"ಎಂತಕ್ಕೆ ಸರ್? ಕೋಳಿ ಎಲ್ಲಿಗೆ ಹೋದದ್ದು ಅಂತ ನಂಗೆ ಗೊತ್ತುಂಟಲ್ಲ."